ಮಾನಿಟರಿನಲ್ಲಿ ನಮ್ಮ ಕೇರಿ

ಆ ಬೇಸಿಗೆ ಕೃಷ್ಣೆಯ ಹಿನ್ನೀರು ಎಂದಿಗಿಂತ ದೂರ ಸರಿದಿತ್ತು. ಮುಳುಗಡೆಯಾಗಿ ಎರಡು ದಶಕ ದಾಟಿದ ನಮ್ಮ ಹಳೆಯ ಊರಿನ ಬುನಾದಿಗಳು ಬಿರುಕುಬಿಟ್ಟ ಕೆಸರಿನ ಮೇಲೆ ಕಾಣತೊಡಗಿದ್ದವು. ಎತ್ತರದ ಜಾಗದಲ್ಲಿ ಕಟ್ಟಿದ ಹೊಸ ಊರಿನವರು ಸಂಜೆ ಹೊತ್ತು ಇಳಿದು ಹೋಗಿ, ತಮ್ಮ ತಮ್ಮ ಹೊಸ್ತಿಲ ಕಲ್ಲು ಹುಡುಕಿ, ಅದರ ಮೇಲೆ ಕುಳಿತು ಫೋಟೊ ತೆಗೆಸಿಕೊಂಡು ಬರುತ್ತಿದ್ದರು. ಹಾಗೆ ಹೋಗಿ ಬಂದ ಒಬ್ಬರಿಗೆ, ಊರನ್ನು ಕಂಡವರು ಇರುವಾಗಲೇ ಅದರದೊಂದು ದೊಡ್ಡ ನಕ್ಷೆ ಮಾಡಿಸಿ ಹೊಸ ಊರಿನ ಸಮುದಾಯ ಭವನದ ಗೋಡೆಗೆ ಹಾಕಬೇಕು, ಒಂದೊಂದು ಮನೆಯ ಮೇಲೂ ಹೆಸರು ಬರೆಸಬೇಕು ಎನ್ನಿಸಿತು. ಅವರು ನಿವೃತ್ತ ಮಾಸ್ತರರು. ನಾಲ್ಕಾರು ಹಿರಿಯರ ಸಮಿತಿ ಮಾಡಿಕೊಂಡು, ಬಸವನ ಬಾಗೇವಾಡಿಯಲ್ಲಿ ನಾನು ಕೆಲಸ ಮಾಡುವ ಖಾಸಗಿ ಸರ್ವೆ ಕಚೇರಿಗೆ ಬಂದರು. ಅಲ್ಲಿ ನಕ್ಷೆ ಬಿಡಿಸುವವಳು ನಾನು.

ಆ ಊರು ನನ್ನದೂ ಹೌದು ಎಂದು ಮೊದಲ ದಿನ ನಾನು ಅವರಿಗೆ ಹೇಳಲಿಲ್ಲ. ಊರು ಬಿಟ್ಟಾಗ ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ನಮ್ಮದು ಹೊಳೆಯ ಬದಿಗಿದ್ದ ಕೆಳಗಿನ ಕೇರಿ. ಹೊಲ ಇದ್ದವರು ಒಟ್ಟಾಗಿ ಹೊಸ ಊರಿಗೆ ಹೋದರು. ಕೇರಿಯವರು ಕೂಲಿ ಸಿಕ್ಕ ದಿಕ್ಕಿಗೆ ಹೋದರು, ಕೆಲವರು ಮುದ್ದೇಬಿಹಾಳದ ಕಡೆಗೆ, ಕೆಲವರು ಸಿಂದಗಿ ತಾಲ್ಲೂಕಿನ ಮೋರಟಗಿಗೆ, ಇನ್ನು ಕೆಲವರು ಇಂಡಿಯ ಕಡೆ ಕಬ್ಬು ಕಡಿಯಲಿಕ್ಕೆ. ನಮ್ಮ ಮನೆಯವರು ಬಾಗೇವಾಡಿಗೆ ಬಂದೆವು. ಅಪ್ಪ ತೀರಿಕೊಂಡ ಮೇಲೆ ಅವ್ವ, ನಾನು ಇಬ್ಬರೇ. ಬುದ್ಧನ ಚಿತ್ರವಿರುವ ಆ ಒಂದೂವರೆ ಕೋಣೆಯ ಮನೆಯಲ್ಲಿ ಹಳೆಯ ಊರಿನ ಮಾತು ಬರುತ್ತಲೇ ಇರಲಿಲ್ಲ. ನಾನೇ ಎತ್ತಿದರೂ ಅವ್ವ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದಳು.

ಡ್ರೋನ್ ಹಾರಿಸುವವರು ಬಂದು ಎರಡು ಮುಂಜಾನೆ ಕೆಲಸ ಮಾಡಿ ರಾಶಿ ಫೋಟೊ ತಂದುಕೊಟ್ಟರು. ನಾನು ಅವನ್ನೆಲ್ಲ ಜೋಡಿಸಿ ಒಂದೇ ಚಿತ್ರ ಮಾಡಿದೆ. ಮೇಲಿನಿಂದ ನೋಡಿದ ಪೂರ್ತಿ ಊರು. ಚಿತ್ರ ಚೆನ್ನಾಗಿಯೇ ಬಂದಿತ್ತು. ತೊಂದರೆ ಇದ್ದದ್ದು ಅದನ್ನು ನೋಡುವುದರಲ್ಲಿ. ನನ್ನ ಲ್ಯಾಪ್‌ಟಾಪಿನ ಪರದೆಯಲ್ಲಿ ಪೂರ್ತಿ ಊರು ಹಿಡಿಸಿದರೆ ಗೋಡೆಗಳು ಮಸುಕಾಗುತ್ತಿದ್ದವು. ಗೋಡೆ ಕಾಣುವಷ್ಟು ಹಿಗ್ಗಿಸಿದರೆ ನಾವು ಯಾವ ಓಣಿಯಲ್ಲಿದ್ದೇವೆ ಎನ್ನುವುದೇ ತಿಳಿಯುತ್ತಿರಲಿಲ್ಲ. ಹೆಸರು ಹೇಳಬೇಕಾದ ಹಿರಿಯರಿಗೆ ಊರೂ ಕಾಣಬೇಕು, ಮನೆಯೂ ಕಾಣಬೇಕು, ಎರಡೂ ಒಂದೇ ನೋಟದಲ್ಲಿ.

ಇದನ್ನು ಹೇಳಿದಾಗ ಕಚೇರಿಯ ಮಾಲೀಕರು, ಹೇಗೂ ಮುಂದಿನ ಕೆಲಸಗಳಿಗೆ ಬೇಕಾಗುತ್ತದೆ ಎಂದು, ವಿಜಯಪುರದಿಂದ ದೊಡ್ಡದೊಂದು ಫೋರ್‌ಕೆ ಮಾನಿಟರ್ ತರಿಸಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಅಡ್ಡಕ್ಕೆ ಎಷ್ಟು ಚುಕ್ಕಿಗಳಿವೆಯೋ ಅದರ ಎರಡರಷ್ಟು ಇದರಲ್ಲಿವೆ, ಮೇಲಿಂದ ಕೆಳಗೂ ಎರಡರಷ್ಟು. ಅಂದರೆ ನಾಲ್ಕು ಲ್ಯಾಪ್‌ಟಾಪ್ ಪರದೆಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಷ್ಟು. ಇನ್ನೇನು, ಕೇಬಲ್ ಚುಚ್ಚಿದರೆ ಕೆಲಸ ಮುಗಿಯಿತು ಎಂದುಕೊಂಡೆ.

ಹಿರಿಯರು ಬರುವ ದಿನ ಕಚೇರಿಯ ಪ್ರೊಜೆಕ್ಟರಿನ ಉದ್ದನೆಯ ಎಚ್‌ಡಿಎಂಐ ಕೇಬಲ್ ತೆಗೆದು ಮಾನಿಟರಿಗೆ ಹಚ್ಚಿದೆ. ಅವರು ಮಾನಿಟರ್ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರು. ನಾನು ಬದಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಎರಡೂ ಪರದೆಯಲ್ಲಿ ಒಂದೇ ಚಿತ್ರ ಬರುವ ಹಾಗೆ ಮಾಡಿಕೊಂಡೆ. ಅದು ಡುಪ್ಲಿಕೇಟ್ ಎನ್ನುವ ವ್ಯವಸ್ಥೆ. ಅವರು ತೋರಿಸಿದ್ದನ್ನು ನಾನು ನನ್ನ ಪರದೆಯಲ್ಲಿ ಗುರುತು ಮಾಡಬಹುದಲ್ಲ ಎಂಬ ಲೆಕ್ಕ.

ಚಾವಡಿ, ದೊಡ್ಡ ಬಾವಿ, ಗೌಡರ ವಾಡೆ, ಮೇಲಿನ ಓಣಿಯ ದಪ್ಪ ಗೋಡೆಯ ಮನೆಗಳು ಎಲ್ಲ ಸಿಕ್ಕವು. ಹಿರಿಯರು ಒಬ್ಬರ ಮಾತನ್ನು ಒಬ್ಬರು ತಿದ್ದುತ್ತ, ನಗುತ್ತ ಹೆಸರು ಹೇಳಿದರು. ಹೊಳೆಯ ಬದಿಗೆ ಬಂದಾಗ ಎಲ್ಲರೂ ಮುಂದಕ್ಕೆ ಬಾಗಿ ನೋಡಿದರು. ಅಲ್ಲಿ ಬೂದು ಬಣ್ಣದ ಒಂದು ಕಲೆಯ ಹೊರತು ಏನೂ ಇರಲಿಲ್ಲ. ನಾನು ಹಿಗ್ಗಿಸಿ ತೋರಿಸಿದೆ. ಕಲ್ಲುಗಳು ಕಂಡವು. ಹೊಳೆಯ ಕಲ್ಲು ಅವು ಎಂದು ಒಬ್ಬರು ಹೇಳಿದರು. ಮತ್ತೆ ಕುಗ್ಗಿಸಿದೆ. ಹತ್ತಿರ ಹೋದರೆ ಬರೀ ಕಲ್ಲು, ದೂರ ಬಂದರೆ ಬರೀ ಕೆಸರು.

“ಅಲ್ಲೇನಿಲ್ಲ ತಂಗಿ,” ಎಂದರು ಮಾಸ್ತರರು. “ನಕ್ಷಾ ಈ ಓಣಿಗೇ ಮುಗಸಿಬಿಡು.”

ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಾಣದ್ದನ್ನು ಇಲ್ಲ ಎಂದರು, ಅಷ್ಟೆ. ಆದರೆ ನಾನು ಚಿತ್ರವನ್ನು ಅಲ್ಲಿಗೆ ಕತ್ತರಿಸದೆ, ಇನ್ನೊಮ್ಮೆ ನೋಡುತ್ತೇನೆ ಎಂದು ಅವರನ್ನು ಕಳಿಸಿದೆ. ಮಳೆಗಾಲ ಹತ್ತಿರವಿತ್ತು. ಮೇಲಿನಿಂದ ನೀರು ಬಿಟ್ಟರೆಂದರೆ ಮೊದಲು ಮುಳುಗುವುದು ಆ ಕೆಳಗಿನ ದಂಡೆ. ಆಮೇಲೆ ಸಂಶಯ ಬಂದರೆ ಹೋಗಿ ನೋಡಿ ಬರಲೂ ಆಗುವುದಿಲ್ಲ.

ಅವರು ಹೋದ ಮೇಲೆ ಮಾನಿಟರನ್ನೇ ಸರಿಯಾಗಿ ನೋಡಿದೆ. ಚಿತ್ರ ದೊಡ್ಡದಾಗಿತ್ತು, ಆದರೆ ಲ್ಯಾಪ್‌ಟಾಪಿನಲ್ಲಿ ಕಂಡದ್ದಕ್ಕಿಂತ ಒಂದು ಗೆರೆಯೂ ಹೆಚ್ಚು ಕಾಣುತ್ತಿರಲಿಲ್ಲ. ಅಕ್ಷರಗಳ ಅಂಚು ಉಣ್ಣೆಯಂತೆ ಮೆತ್ತಗಿತ್ತು. ಸೆಟ್ಟಿಂಗ್ಸ್ ತೆಗೆದರೆ ರೆಸಲ್ಯೂಶನ್, ಅಂದರೆ ಆ ಚುಕ್ಕಿಗಳ ಲೆಕ್ಕ, ಲ್ಯಾಪ್‌ಟಾಪಿನದೇ ಇತ್ತು. ಇಷ್ಟು ದೊಡ್ಡ ಮಾನಿಟರ್, ನನ್ನ ಸಣ್ಣ ಪರದೆಯ ಚಿತ್ರವನ್ನೇ ಹಿಂಜಿ ತೋರಿಸುತ್ತಿತ್ತು. ಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚಿನ ಅಂಕಿ ಇರಲೇ ಇಲ್ಲ.

ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಡ್ರೈವರ್ ತಂತ್ರಾಂಶ ಹಳೆಯದಿರಬೇಕು ಎಂದುಕೊಂಡು ಹೊಸದನ್ನು ಹಾಕಿದೆ. ಏನೂ ಬದಲಾಗಲಿಲ್ಲ. ವಿಜಯಪುರದ ಅಂಗಡಿಯವರಿಗೆ ಫೋನ್ ಮಾಡಿದರೆ, ಸಿ ಟೈಪ್ ಪೋರ್ಟಿನಿಂದ ಕೊಡಿ, ಚಲೋ ಬರುತ್ತದೆ ಎಂದು ಒಂದು ಅಡಾಪ್ಟರ್ ಕಳಿಸಿದರು. ಅದನ್ನು ಹಚ್ಚಿದರೆ ಮಾನಿಟರಿನಲ್ಲಿ ‘ನೋ ಸಿಗ್ನಲ್’ ಎಂಬ ಬರಹ ಬಂದು ಕತ್ತಲಾಯಿತು. ತಿರುಗಿಸಿ ಹಚ್ಚಿದೆ, ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ. ಕೊನೆಗೆ ಲ್ಯಾಪ್‌ಟಾಪಿನ ಕೈಪಿಡಿ ಹುಡುಕಿ ಓದಿದಾಗ, ಆ ಪೋರ್ಟ್ ಫೈಲ್ ಸಾಗಿಸುವುದಕ್ಕೆ ಮಾತ್ರ, ಅದರಿಂದ ಚಿತ್ರ ಹೊರಗೆ ಹೋಗುವುದೇ ಇಲ್ಲ ಎಂದು ತಿಳಿಯಿತು. ಎಲ್ಲ ಸಿ ಟೈಪ್ ಪೋರ್ಟುಗಳೂ ನೋಡಲು ಒಂದೇ ಥರ ಇರುತ್ತವೆ. ಒಳಗೆ ಒಂದೇ ಅಲ್ಲ.

ಮರುದಿನ ಬೇರೆ ದಾರಿ ಹಿಡಿದೆ. ಡುಪ್ಲಿಕೇಟ್ ಬಿಟ್ಟು, ಎರಡು ಪರದೆಯಲ್ಲಿ ಬೇರೆ ಬೇರೆ ಚಿತ್ರ ಬರುವಂತೆ ಮಾಡಿದೆ. ಆಗ ಪಟ್ಟಿಯಲ್ಲಿ ಮಾನಿಟರಿನ ಪೂರ್ತಿ ರೆಸಲ್ಯೂಶನ್ ಕಾಣಿಸಿತು. ಎರಡೂ ಕಡೆ ಒಂದೇ ಚಿತ್ರ ಬೇಕೆಂದರೆ ಕಂಪ್ಯೂಟರ್ ಎರಡಕ್ಕೂ ಆಗಿಬರುವ ಅಳತೆಯನ್ನೇ ಕೊಡುತ್ತದೆ, ಅಂದರೆ ಸಣ್ಣದರ ಅಳತೆ. ಇಷ್ಟು ದಿನ ಮಾನಿಟರನ್ನು ಕಟ್ಟಿಹಾಕಿದ್ದು ನನ್ನ ಲ್ಯಾಪ್‌ಟಾಪ್ ಪರದೆಯೇ. ಸಂತೋಷದಿಂದ ಆ ಅಂಕಿ ಒತ್ತಿದೆ. ಚಿತ್ರ ಒಂದು ಗಳಿಗೆ ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಪ್ರೊಜೆಕ್ಟರಿನ ಆ ಹಳೆಯ ಉದ್ದನೆಯ ಕೇಬಲಿಗೆ ಅಷ್ಟು ಚಿತ್ರ ಸಾಗಿಸುವ ಶಕ್ತಿ ಇರಲಿಲ್ಲ. ಒಂದು ಮಾರಿಗಿಂತ ಗಿಡ್ಡದಾದ, ಒಳ್ಳೆಯ ಕೇಬಲ್ ತರಿಸಿದೆ. ಚಿತ್ರ ನಿಂತಿತು. ಆದರೆ ನನ್ನ ಲ್ಯಾಪ್‌ಟಾಪಿನ ಎಚ್‌ಡಿಎಂಐ ಹಳೆಯ ಕಾಲದ್ದಾದ್ದರಿಂದ ಸೆಕೆಂಡಿಗೆ ಮೂವತ್ತು ಸಲ ಮಾತ್ರ ಚಿತ್ರ ಹೊಸದಾಗುತ್ತಿತ್ತು, ಅರವತ್ತು ಬರುವಂತಿರಲಿಲ್ಲ. ಮೌಸ್ ಬಾಣ ಎಳೆದೆಳೆದು ಬರುತ್ತಿತ್ತು. ಜೊತೆಗೆ ಎರಡೆರಡು ಪರದೆಯ ಭಾರ ಹೊತ್ತು ಲ್ಯಾಪ್‌ಟಾಪ್ ತೇಕತೊಡಗಿತು. ನಕ್ಷೆಯನ್ನು ಸ್ವಲ್ಪ ಸರಿಸಿದರೆ ಸಾಕು, ಮತ್ತೆ ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿತ್ತು.

ಮಾಲೀಕರು, ಈ ಲ್ಯಾಪ್‌ಟಾಪಿನಿಂದ ಆಗದು, ಮಳೆಗಾಲದ ನಂತರ ಹೊಸದು ನೋಡೋಣ, ಸದ್ಯ ಮಾಸ್ತರರು ಹೇಳಿದಂತೆ ಮೇಲಿನ ಓಣಿಗಳಿಗೇ ಮುಗಿಸು ಎಂದರು. ತಪ್ಪು ಮಾತೇನಲ್ಲ. ನಾನು ಊಟದ ಡಬ್ಬಿ ಮುಂದಿಟ್ಟುಕೊಂಡು ಯೋಚಿಸಿದೆ. ಆಟ ಆಡುವವರಿಗಾದರೆ ಅರವತ್ತು ಬೇಕು. ನನ್ನ ಊರು ಅಲುಗುವುದಿಲ್ಲ. ಮೂವತ್ತೇ ಸಾಕು. ಉಳಿದದ್ದು ಎರಡನೆಯ ಪರದೆಯ ಭಾರ. ಅದಕ್ಕಿದ್ದ ದಾರಿ ಒಂದೇ, ನನ್ನ ಲ್ಯಾಪ್‌ಟಾಪಿನ ಪರದೆಯನ್ನು ಆರಿಸಿಬಿಡುವುದು. ಆಗ ನನಗೆ ಅಂತ ಬೇರೆ ಪರದೆ ಇರುವುದಿಲ್ಲ. ಬದಿಯ ಮೇಜು ಬಿಟ್ಟು, ನೋಡುವವರ ನಡುವೆಯೇ ಕುಳಿತು, ಅವರು ನೋಡುತ್ತಿರುವ ಚಿತ್ರದ ಮೇಲೆಯೇ ಅವರ ಕಣ್ಣೆದುರು ಗೆರೆ ಎಳೆಯಬೇಕು. ಇಷ್ಟು ವರ್ಷ ಗಿರಾಕಿಗಳಿಗೆ ಮುಗಿಸಿದ ನಕ್ಷೆ ತೋರಿಸಿ ರೂಢಿ. ಬಿಡಿಸುವಾಗಿನ ತಡವರಿಕೆ ಯಾರಿಗೂ ತೋರಿಸಿದವಳಲ್ಲ. ಆದರೂ ಹಾಗೇ ಮಾಡಿದೆ. ‘ಎರಡನೇ ಪರದೆ ಮಾತ್ರ’ ಎಂಬುದನ್ನು ಒತ್ತಿದೆ. ಲ್ಯಾಪ್‌ಟಾಪ್ ಕಪ್ಪಾಯಿತು.

ಮಾನಿಟರಿನಲ್ಲಿ ಅಕ್ಷರಗಳು ಎಳ್ಳಿನಷ್ಟಾಗಿದ್ದವು. ಅವನ್ನು ದೊಡ್ಡದು ಮಾಡಿ, ನಕ್ಷೆಯ ತಂತ್ರಾಂಶಕ್ಕೆ ಮಾತ್ರ ಆ ಹಿಗ್ಗುವಿಕೆ ತಾಗದಂತೆ ಮಾಡಿ, ಚಿತ್ರ ತೆರೆದು, ಪೂರ್ತಿ ಊರು ಹಿಡಿಸಿದೆ. ಅದು ನಿಧಾನವಾಗಿ ತುಂಬಿಕೊಂಡಿತು. ಮೇಲಿನ ಓಣಿಗಳು ಮೊದಲು ಬಂದವು. ಕೊನೆಗೆ ಹೊಳೆಯ ಬದಿ. ಬೂದು ಕಲೆ ಇದ್ದಲ್ಲಿ ಕೂದಲೆಳೆಯಂಥ ಗೆರೆಗಳು ಮೂಡಿದವು. ಒಂದಕ್ಕೊಂದು ಆತುಕೊಂಡ ಸಣ್ಣ ಸಣ್ಣ ಚೌಕಗಳ ಎರಡು ಸಾಲು. ನಡುವೆ ತುಸು ವಾಲಿದ ಓಣಿ. ನಮ್ಮ ಕೇರಿಯ ಗೋಡೆಗಳು ಮಣ್ಣಿನವು, ಕೆಳಗೆ ಒಂದೇ ಸಾಲು ಕಲ್ಲು. ಮಣ್ಣು ನೀರಿಗೆ ಕರಗಿ ಹೋಗಿತ್ತು. ಆ ಒಂದು ಸಾಲು ಕಲ್ಲು ಇತ್ತು.

ಹೊರಗೆ ಟಂಟಂ ಗಾಡಿಗಳ ಸದ್ದು, ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಯಾರೋ ಚಿಲ್ಲರೆಗೆ ಜಗಳ. ನಾನು ಎದ್ದು ಹೋಗಿ ಮುಖ ತೊಳೆದು ಬಂದೆ.

ಅವ್ವನಿಗೆ ಹೇಳಿದಾಗ ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

“ಅಲ್ಲಿ ನಮ್ಮದೇನ ಐತಿ ನೋಡಾಕ?”

“ಮನಿ ಕಾಣ್ತೈತಿ ಯವ್ವಾ.”

“ಮನಿ ನೀರಾಗ ಹೋತು. ಮುಗೀತು.”

ಅಷ್ಟಕ್ಕೇ ಬಿಟ್ಟೆ. ಆದರೆ ಮರುದಿನ ಮಧ್ಯಾಹ್ನ ಅವಳೇ ನನ್ನ ಡಬ್ಬಿ ಹಿಡಿದುಕೊಂಡು ಕಚೇರಿಗೆ ಬಂದಳು. ನಾನು ಡಬ್ಬಿ ಮರೆತಿರಲಿಲ್ಲ, ಬೇಕೆಂದೇ ಬಿಟ್ಟು ಬಂದಿದ್ದೆ. ಕುರ್ಚಿಯ ತುದಿಗೆ ಕುಳಿತು, ಕನ್ನಡಕ ಸರಿಮಾಡಿಕೊಂಡು ನೋಡಿದಳು. ಬಹಳ ಹೊತ್ತು ಏನೂ ಗೊತ್ತಾಗಲಿಲ್ಲ ಅವಳಿಗೆ. ಮೇಲಿನಿಂದ ಊರು ನೋಡಿ ಯಾರಿಗೆ ರೂಢಿ? ನಾನು ಹೊಳೆ ಯಾವ ಕಡೆ, ಬಾವಿ ಯಾವ ಕಡೆ ಎಂದು ತೋರಿಸಿದೆ. ಅವಳ ಬೆರಳು ಬಾವಿಯಿಂದ ಹೊರಟು, ದಾರಿ ಹಿಡಿದು, ಕೊಡ ಹೊತ್ತು ನಡೆಯುವವರ ಹಾಗೆ ನಿಧಾನವಾಗಿ ಕೆಳಗಿಳಿಯಿತು. ಓಣಿಯ ನಡುವೆ ಒಂದು ದುಂಡನೆಯ ಕಪ್ಪು ಚುಕ್ಕಿಯ ಮೇಲೆ ನಿಂತಿತು. ನಾನು ಅದನ್ನು ಚಿತ್ರದ ಕೊಳೆ ಎಂದುಕೊಂಡಿದ್ದೆ.

“ಒಳಕಲ್ಲು,” ಎಂದಳು.

ನೆಲದಲ್ಲಿ ಹೂತಿದ್ದ, ಕೇರಿಯವರೆಲ್ಲ ಖಾರ ಕುಟ್ಟುತ್ತಿದ್ದ ಕಲ್ಲು. ಊರು ಬಿಡುವಾಗ ಅದನ್ನು ಕೀಳಲು ಆಗಿರಲಿಲ್ಲವಂತೆ. ಅದರ ಗುರುತು ಸಿಕ್ಕಿದ್ದೇ ಅವ್ವನ ಬೆರಳು ಮನೆಯಿಂದ ಮನೆಗೆ ಹೋಯಿತು. ಯಾರ ಮನೆ, ಅವರು ಎಲ್ಲಿಂದ ಸೊಸೆಯಾಗಿ ಬಂದವರು, ಈಗ ಎಲ್ಲಿದ್ದಾರೆ. ಒಬ್ಬಳು ಮೋರಟಗಿಯಲ್ಲಿ, ಒಬ್ಬಳು ಗೋವೆಗೆ ಹೋದವಳು ಅಲ್ಲೇ ತೀರಿಕೊಂಡಳು, ಒಬ್ಬಳ ಸುದ್ದಿಯೇ ಇಲ್ಲ. ನಾನು ಪಕ್ಕದಲ್ಲೇ ಕುಳಿತು ಅವಳ ಬೆರಳು ಇದ್ದಲ್ಲಿ ಗೆರೆ ಎಳೆಯುತ್ತ, ಹೆಸರು ಬರೆಯುತ್ತ ಹೋದೆ. ಒಳಕಲ್ಲಿನ ಎದುರಿನ ಚೌಕಕ್ಕೆ ಬಂದಾಗ, ಇದು ನಮ್ಮದು ಎಂದಳು. ಅದರ ಪಕ್ಕದ್ದು ಅವಳ ಗೆಳತಿಯದು. ಆ ಗೆಳತಿಯನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಮುಳುಗಡೆಯ ನಂತರ ಅವರು ಇಂಡಿ ತಾಲ್ಲೂಕಿನ ತಾಂಬಾಕ್ಕೆ ಹೋದರು. ಈಚೆಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾರೆ, ಕಿವಿ ಕೇಳಿಸದ್ದರಿಂದ ಫೋನಿನಲ್ಲೂ ಮಾತಿಲ್ಲ. ಅವ್ವ ಆ ಚೌಕದ ಮೇಲೆ ಅಂಗೈ ಇಟ್ಟಳು. ಪರದೆ ಬೆಚ್ಚಗಿದೆ ಎಂದಳು.

ನಾನು ಮಾಸ್ತರರನ್ನು ಕರೆಸಿದೆ. ಅವರು ನಿಂತುಕೊಂಡೇ ನೋಡಿದರು. ಆಮೇಲೆ ಅವ್ವ ಕುಳಿತಿದ್ದ ಕುರ್ಚಿಯ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತರು. ಈ ಊರು ನಮ್ಮದೂ ಎಂದು ಆಗ ಹೇಳಿದೆ. ಅವರು ಕೆಳಗಿನ ಸಾಲುಗಳನ್ನೇ ನೋಡುತ್ತಿದ್ದರು.

“ಆ ಹಾದ್ಯಾಗ ನಾವು ಬರ್ತಿದ್ದಿಲ್ಲ ತಂಗಿ,” ಎಂದರು ಕೊನೆಗೆ. “ಅದಕ್ಕ ಗೊತ್ತಿಲ್ಲ ನನಗ.”

“ಹೌದ್ರಿ ಸರ,” ಎಂದೆ.

ಬೇರೆ ಮಾತು ಬೇಕಿರಲಿಲ್ಲ. ನಕ್ಷೆಯನ್ನು ಹೊಳೆಯವರೆಗೆ ತೆಗೆದುಕೊ, ಗೋಡೆಯಲ್ಲಿ ಜಾಗ ಐತಿ ಎಂದರು. ಹೆಸರುಗಳನ್ನು ಕೇರಿಯ ಇನ್ನೊಬ್ಬರ ಬಾಯಿಂದಲೂ ಕೇಳಿ ಖಾತ್ರಿ ಮಾಡಿಕೊಂಡರೆ ಒಳ್ಳೆಯದು, ಮೇಲಿನ ಓಣಿಗಳಿಗೂ ಹಾಗೇ ಮಾಡಿದ್ದೇವೆ ಎಂದರು. ಆ ಇನ್ನೊಬ್ಬರು ಯಾರು ಎಂದು ಅವ್ವನನ್ನು ಕೇಳಬೇಕಾಗಿರಲಿಲ್ಲ.

ಮಾನಿಟರನ್ನು ತಾಂಬಾಕ್ಕೆ ಒಯ್ಯುತ್ತೇನೆ ಎಂದಾಗ ಮಾಲೀಕರು ಗಾಬರಿಯಾದರು. ಪರದೆ ಒಡೆದರೆ ಯಾರು ಹೊಣೆ? ಬರೀ ಲ್ಯಾಪ್‌ಟಾಪ್ ಒಯ್ದರೆ ಸಾಲದೇ? ಸಾಲದು ಎಂದು ಅವರಿಗೇ ಗೊತ್ತಿತ್ತು. ಕೊನೆಗೆ ಅವರೇ ಡಬ್ಬದ ಒಳಗಿನ ಥರ್ಮೊಕೋಲ್ ಹುಡುಕಿ ಕೊಟ್ಟರು. ಅವ್ವ ಡಬ್ಬದ ಸುತ್ತ ಎರಡು ಕೌದಿ ಸುತ್ತಿದಳು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅದನ್ನು ತಬ್ಬಿಕೊಂಡು ಕುಳಿತಳು. ಇಂಡಿಯ ಕಡೆಯ ಲಿಂಬೆ ತೋಟಗಳು ಶುರುವಾದಾಗ, ಆಕೆಗೆ ತನ್ನ ಗುರುತು ಹತ್ತುತ್ತದೋ ಇಲ್ಲವೋ ಎಂದಳು.

ಗುರುತು ಹತ್ತಿತು. ಚಿಗವ್ವ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅವ್ವನನ್ನು ನೋಡಿ ಎಡಗೈ ಎತ್ತಿದರು. ಅವ್ವ ಹೋಗಿ ಆ ಕೈ ಹಿಡಿದು ಮಂಚದ ಮೇಲೆ ಕುಳಿತಳು. ಇಬ್ಬರೂ ಅಳಲಿಲ್ಲ. ಇಬ್ಬರೂ ಎಷ್ಟು ಮುದುಕಿಯರಾಗಿದ್ದಾರೆ ಎಂದು ಒಬ್ಬರನ್ನೊಬ್ಬರು ನೋಡಿಕೊಂಡರು.

ಕರೆಂಟ್ ಇರಲಿಲ್ಲ. ಮಧ್ಯಾಹ್ನ ಬರುತ್ತದೆ ಎಂದು ಅವರ ಮಗಳು ಹೇಳಿದಳು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮಾನಿಟರಿಗೆ ಇಲ್ಲ. ಮಂಚದ ಎದುರು ಒಂದು ಟ್ರಂಕಿನ ಮೇಲೆ ಮಾನಿಟರ್ ನಿಲ್ಲಿಸಿ, ಕೇಬಲ್ ಹಚ್ಚಿ, ಕಾಯುತ್ತ ಕುಳಿತೆವು. ಫ್ಯಾನ್ ತಿರುಗತೊಡಗಿದಾಗ ಒತ್ತಿದೆ. ನೋ ಸಿಗ್ನಲ್. ಕೇಬಲ್ ತೆಗೆದು ನೋಡಿದೆ, ಸರಿಯಿತ್ತು. ಆಮೇಲೆ ನೆನಪಾಯಿತು, ಕಾಯುವಾಗ ಲ್ಯಾಪ್‌ಟಾಪ್ ಮಲಗಿಬಿಟ್ಟಿತ್ತು. ಎಬ್ಬಿಸಿ, ಎರಡನೇ ಪರದೆ ಮಾತ್ರ ಎಂದು ಒತ್ತಿ, ರೆಸಲ್ಯೂಶನ್ ಇನ್ನೊಮ್ಮೆ ನೋಡಿಕೊಂಡು, ಚಿತ್ರ ತೆರೆದೆ. ಊರು ಮೇಲಿನಿಂದ ಕೆಳಕ್ಕೆ ತುಂಬಿಕೊಳ್ಳತೊಡಗಿತು.

ಚಿಗವ್ವನಿಗೆ ಅವ್ವನಷ್ಟು ಹೊತ್ತು ಹಿಡಿಯಲಿಲ್ಲ. ಮಂಚವನ್ನು ಹತ್ತಿರ ಸರಿಸಿದೆವು. ಅವ್ವ ಅವರ ಕಿವಿಯ ಬಳಿ ಬಾಗಿ ಬಾವಿ, ಓಣಿ, ಒಳಕಲ್ಲು ಎಂದು ಹೇಳುತ್ತ ಹೋದಳು. ತಾನು ಹೇಳಿದ ಹೆಸರುಗಳನ್ನೆಲ್ಲ ಮತ್ತೆ ಹೇಳಿದಳು. ಚಿಗವ್ವ ಒಂದೊಂದಕ್ಕೂ ತಲೆ ಆಡಿಸಿದರು. ಒಳಕಲ್ಲಿನ ಎದುರಿನ ಚೌಕದ ಮೇಲೆ ಬೆರಳಿಟ್ಟು ಅವ್ವ, ಇದು ನನ್ನದು ಎಂದಾಗ, ಅವರು ತಲೆ ಅಡ್ಡಕ್ಕೆ ಆಡಿಸಿದರು. ಬಾಯಿ ಸೊಟ್ಟಗಾಗಿದ್ದರಿಂದ ಮಾತು ಬಿಡಿಬಿಡಿಯಾಗಿ ಬಂತು.

“ಅದು ನಂದು. ನಿಂದು ಬಾಜೂಕಿಂದು.”

ಅವ್ವ ಒಪ್ಪಲಿಲ್ಲ. ಬಾಗಿಲಲ್ಲಿ ಕುಳಿತರೆ ಒಳಕಲ್ಲು ಎದುರಿಗೇ ಕಾಣುತ್ತಿತ್ತು, ಸೂರ್ಯ ಏರುವ ತನಕ ನೆರಳು ಇರುತ್ತಿತ್ತು, ಅಲ್ಲೇ ಕುಳಿತು ನನ್ನ ತಲೆ ಬಾಚುತ್ತಿದ್ದಳು, ಅದು ತನಗೆ ನೆನಪಿಲ್ಲವೇ ಎಂದಳು. ನನಗೂ ಆ ಹೊಸ್ತಿಲು ನೆನಪಿತ್ತು. ಎಷ್ಟೋ ದಿನದಿಂದ ಕಚೇರಿಯಲ್ಲಿ ಅದೇ ಚೌಕವನ್ನು ನಮ್ಮ ಮನೆ ಎಂದು ನೋಡಿದ್ದೆ.

ಚಿಗವ್ವ ಅವ್ವನ ಕೈಮೇಲೆ ಕೈಯಿಟ್ಟು ಕಾಯ್ದರು, ಅವಳ ಮಾತು ಮುಗಿಯುವ ತನಕ.

“ಕುಂಡರ್ತಿದ್ದಿ,” ಎಂದರು. “ನನ್ನ ಬಾಗಲ್ದಾಗ. ದಿನಾ. ನಿನ್ನ ಮನ್ಯಾಗ ನೀ ಎಲ್ಲಿ ಇರ್ತಿದ್ದಿ?”

ಅವ್ವ ಪರದೆ ನೋಡಿದಳು. ಪಕ್ಕದ ಚೌಕ ನೋಡಿದಳು. ಅದರ ಕಲ್ಲುಸಾಲಿನಲ್ಲಿ ಬಾಗಿಲಿನ ಸಂದು ಬೇರೆ ಕಡೆಗಿತ್ತು, ಒಳಕಲ್ಲಿಗೆ ಬೆನ್ನು ಮಾಡಿ. ಅವಳು ನಗತೊಡಗಿದಳು. ನಗುತ್ತ ನಗುತ್ತ ಸೆರಗು ಬಾಯಿಗೆ ಹಿಡಿದುಕೊಂಡಳು. ಇಷ್ಟು ವರ್ಷ ಅವಳು ಬಾಯಿ ಬಿಡದೆ ಹಂಬಲಿಸಿದ್ದು ಯಾವ ಮನೆಗೆ ಎಂದು ಅವಳಿಗೂ ಆಗಲೇ ಗೊತ್ತಾಗಿರಬೇಕು.

ನಾನು ಎರಡು ಹೆಸರುಗಳನ್ನು ಅದಲು ಬದಲು ಮಾಡಿದೆ. ಆ ನಕ್ಷೆ ಈಗ ಸಮುದಾಯ ಭವನದ ಗೋಡೆಯ ಮೇಲೆ ಹಾಗೇ ಇದೆ, ಹೊಳೆಯವರೆಗೆ. ಆ ಮಳೆಗಾಲದಲ್ಲಿ ನೀರು ಬೇಗ ಬಂತು, ಮೊದಲು ಕೇರಿಯೇ ಮುಳುಗಿತು.

ಆ ದಿನ ತಾಂಬಾದಲ್ಲಿ ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಚಿಗವ್ವನ ಮಗಳು ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯೆ ಬಡಿಸಿದಳು. ಅವ್ವ ತಾಟು ಹಿಡಿದು ಮಂಚದ ಮೇಲೆಯೇ ಕುಳಿತು, ಒಂದು ತುತ್ತು ತಾನು ತಿಂದು ಒಂದು ತುತ್ತು ಚಿಗವ್ವನಿಗೆ ಉಣ್ಣಿಸುತ್ತಿದ್ದಳು. ಯಾರದೋ ಮದುವೆಯ ಮಾತು, ಯಾರದೋ ಎಮ್ಮೆಯ ಮಾತು. ಪರದೆಯ ಕಡೆ ಈಗ ಇಬ್ಬರೂ ನೋಡುತ್ತಿರಲಿಲ್ಲ. ಹೊರಗೆ ಕಾರಿನವನು ಹೊತ್ತಾಯಿತೆಂದು ಎರಡು ಸಲ ಹಾರ್ನ್ ಹೊಡೆದ. ನಾನು ಕೇಬಲ್ ತೆಗೆಯಲೆಂದು ಎದ್ದೆ.

“ಇರ್ಲಿ,” ಎಂದರು ಚಿಗವ್ವ, ನನ್ನ ಕಡೆ ತಿರುಗದೆಯೇ. “ಆರಸಬ್ಯಾಡ. ನಿಮ್ಮವ್ವ ಇರೂತನಕ ಇರ್ಲಿ.”

ನಾನು ಹೊರಗೆ ಹೋಗಿ ಕಾರಿನವನಿಗೆ ಒಂದು ತಾಟು ಊಟ ಕೊಟ್ಟು ಬಂದು, ಟ್ರಂಕಿನ ಪಕ್ಕ ನೆಲದ ಮೇಲೆ ಕುಳಿತೆ.